ಹನ್ನೊಂದು ಮೆಟ್ಟಿಲ ಮನೆ ನೋಡಲು ಬಂದವರು

ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮೊರದ ತುಂಬ ಸೊಪ್ಪು, ನಮ್ಮ ಹಿತ್ತಲಿನ ಮರದ್ದೇ. ಆ ಬೆಳಿಗ್ಗೆ ಗಾಳಿ ಇರಲಿಲ್ಲ, ಬಿಡಿಸಿದ ಎಲೆ ಹಾರದೆ ಮೊರದಲ್ಲೇ ಉಳಿಯುತ್ತಿತ್ತು. ನಮ್ಮ ಕಣಿವೆಯಲ್ಲಿ ಅದೂ ದೇವರು ಮಾಡಿದ ಉಪಕಾರವೇ. ಅಷ್ಟರಲ್ಲಿ ಫೋನು ಬಂತು. ನಮ್ಮ ಮನೆ ಮಾರಿಸಿಕೊಡಲು ಒಪ್ಪಿಕೊಂಡಿದ್ದ ಬ್ರೋಕರ್.

"ಅಕ್ಕಾ, ಚಿನ್ನಾಳಪಟ್ಟಿಯಿಂದ ಒಂದು ಪಾರ್ಟಿ ಬಸ್ಸು ಹತ್ತಿದೆ. ಮಧ್ಯಾಹ್ನದೊಳಗೆ ಕರಕೊಂಡು ಬರ್ತೀನಿ. ಈ ಸಲ ಒಂದೇ ಒಂದು ಬೇಡ್ಕೋತೀನಿ. ನೀವು ಬಾಯಿ ತೆರೀಬೇಡಿ."

ಅವನು ತಮಿಳಿನಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಊರಿನವರ ಜೊತೆ, ಅಂಗಡಿಯಲ್ಲಿ, ಬಸ್ಸಿನಲ್ಲಿ ನಮಗೂ ತಮಿಳೇ. ಹೊಸಿಲು ದಾಟಿ ಒಳಗೆ ಬಂದರೆ ಮಾತ್ರ ಕನ್ನಡ. ಯಾವ ಕಾಲದಲ್ಲಿ ಹಿರಿಯರು ದನ ಹೊಡೆದುಕೊಂಡು ಇಲ್ಲಿಗೆ ಬಂದರೋ, ಅಂದು ತಂದ ಮಾತು.

ಬಾಯಿ ತೆರೆಯಬೇಡಿ ಎಂದು ಅವನು ಯಾಕೆ ಬೇಡಿಕೊಂಡ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೋದ ವರ್ಷ ನಮ್ಮ ಮನೆಯವರಿಗೆ ಸ್ಟ್ರೋಕ್ ಆಯಿತು. ಬಲಗಾಲು ಬಲಗೈ ಕೈಬಿಟ್ಟವು. ಮಾತು ಉಳಿಯಿತು, ನಗು ಉಳಿಯಿತು, ಊಟ ಎಡಗೈಯಲ್ಲಿ ಕಲಿತರು. ಮೂರು ತಿಂಗಳಿಗೆ ಕೋಲು ಹಿಡಿದು ನಡೆದರು. ಆಮೇಲೆ ಎರಡು ಸಲ ಬಿದ್ದರು, ಎರಡು ಸಲವೂ ಹಿತ್ತಲ ಬಾಗಿಲ ಹತ್ತಿರ. ತೇನಿಯ ಡಾಕ್ಟರು ನನ್ನನ್ನು ಕೇಳಿದರು: "ಇವರ ಮಂಚದಿಂದ ಬಾತ್‌ರೂಮಿಗೆ ಎಷ್ಟು ಮೆಟ್ಟಿಲಮ್ಮಾ?"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಹತ್ತಿ ಇಳಿದ ಮೆಟ್ಟಿಲು. ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಎಣಿಸಿದೆ. ಮಲಗುವ ಕೋಣೆಯಿಂದ ನಡುವಿನ ತೊಟ್ಟಿಗೆ ಎರಡು ಇಳಿಯಬೇಕು, ಆಚೆ ಕಡೆ ಎರಡು ಹತ್ತಬೇಕು, ಅಡುಗೆಮನೆಗೆ ಒಂದು, ಹಿತ್ತಲಿಗೆ ನಾಲ್ಕು, ಬಾತ್‌ರೂಮಿನ ಬಾಗಿಲಿಗೆ ಮತ್ತೆ ಎರಡು. ಹನ್ನೊಂದು. ಫೋನಿನಲ್ಲಿ ಡಾಕ್ಟರಿಗೆ ಹೇಳಿದೆ. "ಇನ್ನೊಂದು ಸಲ ಬಿದ್ದು ತೊಡೆ ಮುರಿದರೆ ಆಮೇಲೆ ಏಳೋದು ಕಷ್ಟ. ಮೆಟ್ಟಿಲಿಲ್ಲದ ಚಿಕ್ಕ ಮನೆ ನೋಡಿಕೊಳ್ಳಿ" ಎಂದರು.

ತೇನಿಯಲ್ಲಿ ಅಂಥದ್ದು ಸಿಕ್ಕಿತು ಕೂಡ. ಎರಡೇ ಕೋಣೆ, ಎಲ್ಲ ಒಂದೇ ಮಟ್ಟ, ಮಂಚದಿಂದ ಆರು ಹೆಜ್ಜೆಗೆ ಬಾತ್‌ರೂಮು. ಮನೆಯ ಒಡತಿ ರಿಟೈರಾದ ಟೀಚರಮ್ಮ. "ಮಾಸಿ ತಿಂಗಳು ಮುಗಿಯೋವರೆಗೆ ನಿಮಗೋಸ್ಕರ ಇಟ್ಟಿರ್ತೀನಿ. ಪಂಗುನಿ ಹುಟ್ಟಿದರೆ ಬೇರೆಯವರಿಗೆ ಮಾತು ಕೊಡ್ತೀನಿ" ಎಂದಿದ್ದರು. ನಮ್ಮದು ಮಾರಿದ ದುಡ್ಡಲ್ಲೇ ಅದನ್ನು ಕೊಳ್ಳಬೇಕು. ಮಾಸಿಯಲ್ಲಿ ಇನ್ನು ಎಂಟೇ ದಿನ ಉಳಿದಿತ್ತು.

ಮನೆ ಮಾರುವುದು ಬೇಡ ಎಂದು ಅತ್ತೆ ಅಳುತ್ತಾರೆ ಎಂದು ನಾನು ಹೆದರಿದ್ದೆ. ಅವರು ಅಳಲಿಲ್ಲ. "ಗೋಡೆ ನನ್ನನ್ನ ಅಮ್ಮಾ ಅಂತ ಕರೀತದಾ? ನನ್ನ ಮಗ ನಡೀಬೇಕು" ಎಂದರು. ಅಷ್ಟೇ.

ಮನೆ ನೋಡಲು ಜನ ಬರತೊಡಗಿದಾಗ ನನಗೊಂದು ಹೊಸ ಹುಚ್ಚು ಹಿಡಿಯಿತು. ಯಾರು ಏನು ನೋಡುತ್ತಾರೆ ಎಂದು ನೋಡುವುದು. ಚಿನ್ನಮನೂರಿನ ಬಾಳೆಕಾಯಿ ವ್ಯಾಪಾರಿ ಒಬ್ಬರು ಒಳಗೇ ಬರಲಿಲ್ಲ, ಬೀದಿಯಲ್ಲಿ ನಿಂತು ಲಾರಿ ತಿರುಗುತ್ತದೆಯೇ ಎಂದು ಅಳೆದರು. ಇನ್ನೊಬ್ಬರು ಫೋನಿನಲ್ಲಿ ದಿಕ್ಕು ನೋಡುತ್ತಾ ಹೊಸಿಲ ಮೇಲೇ ಅರ್ಧ ಗಂಟೆ ನಿಂತರು. ನೀರಿಗೆ ಬರವಿರುವ ಆಂಡಿಪಟ್ಟಿಯವರು ಬಂದವರೇ ಸೀದಾ ಬಾವಿಗೆ ಹೋದರು, ಒಂದು ಕೊಡ ಸೇದಿ ಕುಡಿದರು, ಮುಖ ತೊಳೆದರು, ಮತ್ತೆ ಕುಡಿದರು. ಬಾವಿಯಲ್ಲಿ ನೀರು ಇರುವುದು ಒಂದು ವಿಷಯ ಎಂದು ನಾನು ಅಂದಿನವರೆಗೆ ಯೋಚಿಸಿರಲಿಲ್ಲ. ಅಂದು ಸಂಜೆ ಬಾವಿಕಟ್ಟೆಗೆ ಒಂದು ಹೂ ಇಟ್ಟೆ.

ಆದರೆ ಎಲ್ಲರೂ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾಕಮ್ಮಾ ಮಾರ್ತೀರಿ?"

ನಾನು ಇದ್ದದ್ದು ಹೇಳುತ್ತಿದ್ದೆ. ಪಡಸಾಲೆಯಲ್ಲಿ ನಮ್ಮ ಕುಲದೇವರ ದೀಪ ಇದೆ. ಸಂಜೆ ಅದಕ್ಕೆ ಬತ್ತಿ ಹೊಸೆದು ಹಚ್ಚುವವಳು ನಾನೇ. ಅದರ ಎದುರು ನಿಂತು ಸುಳ್ಳು ಹೇಳಿ, ಸಂಜೆ ಯಾವ ಕೈಯಲ್ಲಿ ಎಣ್ಣೆ ಹಾಕಲಿ? ಹೇಳಿದ ಮೇಲೆ ಬಂದವರ ಮುಖ ಸಣ್ಣಗಾಗುತ್ತಿತ್ತು. ಯಜಮಾನನ ಕಾಲೇ ಬಿದ್ದುಹೋದ ಮನೆ, ಆಗಿಬರದ ಮನೆ ಎಂದು ಲೆಕ್ಕ. ಮತ್ತೆ ಅವರ ಫೋನು ಬರುತ್ತಿರಲಿಲ್ಲ.

"ಕೇಳಿದ್ದಕ್ಕೆಲ್ಲ ಉತ್ತರ ಕೊಡೋಕೆ ಇದೇನು ಪರೀಕ್ಷೆಯಾ ಅಕ್ಕಾ? ಮಗಳ ಊರಿಗೆ ಹೋಗ್ತೀವಿ ಅನ್ನಿ, ಮುಗೀತು" ಎನ್ನುತ್ತಿದ್ದ ಬ್ರೋಕರ್.

"ಮಗಳು ಇರೋದು ದಿಂಡಿಗಲ್ಲಿನಲ್ಲಿ ಕಣಪ್ಪಾ, ನಾವು ಹೋಗೋದು ತೇನಿಗೆ."

ಅವನು ತಲೆ ಚಚ್ಚಿಕೊಳ್ಳುತ್ತಿದ್ದ.

ಹಾಗಾಗಿ ಚಿನ್ನಾಳಪಟ್ಟಿಯವರು ಬರುವ ದಿನ ಅತ್ತೆ ಮುಂದಾಳತ್ವ ತೆಗೆದುಕೊಂಡರು. ಮಗನನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿ, ಬಿಳಿ ಅಂಗಿ ಹಾಕಿಸಿ, ಬಲಗೈಯನ್ನು ತೊಡೆಯ ಮೇಲೆ ಚಂದವಾಗಿ ಇಟ್ಟು, ಮೇಲೆ ಪೇಪರು ಹರಡಿದರು. ಕೋಲು ಭತ್ತದ ಗುಡಾಣದ ಹಿಂದೆ ಹೋಯಿತು. ಐಪ್ಪಸಿ ತಿಂಗಳ ಮಳೆಗೆ ಉತ್ತರದ ಗೋಡೆ ಕೆಳಗಿನಿಂದ ನೆನೆದು ಕಲೆ ಬೀಳುತ್ತದೆ, ಸುಣ್ಣ ಹೊಡೆದರೂ ಮತ್ತೆ ಮೇಲೇಳುತ್ತದೆ. ಆ ಕಲೆಯ ಮೇಲೆ ಅತ್ತೆ ದಿನದ ಕ್ಯಾಲೆಂಡರು ನೇತುಹಾಕಿದರು. ಮೊಣಕಾಲೆತ್ತರದಲ್ಲಿ.

"ಯಾರು ಓದೋಕೆ ಅತ್ತೆ, ಬೆಕ್ಕಾ?" ಎಂದೆ.

"ನಿನ್ನ ಸತ್ಯ ನೀನು ಅಡುಗೆಮನೇಲಿ ಇಟ್ಕೋ ಹೋಗು. ಉದ್ದು ನೆನೆಹಾಕಿದ್ದೀಯಾ?"

ಹಾಕಿದ್ದೆ.

ಬಂದವರು ಗಂಡ ಹೆಂಡತಿ. ಅವರಿಗೆ ನಲವತ್ತೈದರ ಹತ್ತಿರ ಇರಬಹುದು. ಆಕೆ ಉಟ್ಟಿದ್ದು ಸುಂಗುಡಿ ಸೀರೆ, ಚುಕ್ಕಿ ಚುಕ್ಕಿಯದು. ಸೊಂಟಕ್ಕೆ ಸಿಕ್ಕಿಸಿದ ಸೆರಗು ದುಡಿಯುವವಳ ಸೆರಗು. ಬ್ರೋಕರ್ ತಮಿಳಿನಲ್ಲಿ ಒಂದೇ ಸಮನೆ ಹೊಗಳುತ್ತಿದ್ದ. ಆಕೆ ಮಾತಾಡಲಿಲ್ಲ. ಮಜ್ಜಿಗೆ ಕುಡಿದಳು, ದೀಪಕ್ಕೆ ಕೈಮುಗಿದಳು, ಕೋಣೆಗಳನ್ನು ಬಾಗಿಲಲ್ಲೇ ನಿಂತು ನೋಡಿದಳು, ಆಮೇಲೆ ಗಂಡನ ಜೊತೆ ಪಡಸಾಲೆಗೆ ಅಂಟಿಕೊಂಡೇ ಇರುವ ಕೊಟ್ಟಿಗೆಗೆ ಹೋದವಳು ಹೊರಗೆ ಬರಲಿಲ್ಲ.

ನಮ್ಮವರಲ್ಲಿ ಮನೆಗಿಂತ ಮೊದಲು ಕೊಟ್ಟಿಗೆ ಕಟ್ಟುತ್ತಿದ್ದರಂತೆ. ನಮ್ಮದು ಮನೆಯಷ್ಟೇ ಉದ್ದ, ಮಣ್ಣಿನ ನೆಲ. ಈಗ ದನ ಇಲ್ಲ, ನೆಲ ಸಾರಿಸುವುದು ಮಾತ್ರ ಇದೆ. ಹಿಂದೆ ಬಂದವರೆಲ್ಲ ಅದನ್ನು ನೋಡಿ, ಜಾಗ ದಂಡ, ಕೆಡವಬೇಕು ಎಂದಿದ್ದರು. ಆಕೆ ಮಾತ್ರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಅಳೆದಳು. ಕಿಟಕಿಯ ಬೆಳಕಿಗೆ ಅಂಗೈ ಹಿಡಿದು ನೋಡಿದಳು. ಕೂತು ನೆಲವನ್ನು ಉಗುರಿನಿಂದ ಗೀರಿದಳು. ಏನು ಕಾಣುತ್ತಿದೆ ಈಕೆಗೆ ಎಂದು ನನಗೆ ಕುತೂಹಲ ತಡೆಯಲಾಗಲಿಲ್ಲ. ಪಡಸಾಲೆಯಿಂದಲೇ ಕತ್ತು ಚಾಚಿ ನೋಡುತ್ತಿದ್ದೆ.

ಅತ್ತೆ ನಮ್ಮ ಮಾತಿನಲ್ಲಿ ಶುರು ಮಾಡಿದರು. ಹೊರಗಿನವರು ಎದುರಿಗಿದ್ದಾಗ ಗುಟ್ಟು ಮಾತಾಡುವುದಕ್ಕೆ ನಮಗೆ ಬೇರೆ ಕೋಣೆ ಬೇಡ, ಭಾಷೆಯೇ ಕೋಣೆ. ಚಿಕ್ಕಂದಿನಿಂದ ಅದೇ ಅಭ್ಯಾಸ. ದನಿ ತಗ್ಗಿಸುವುದು ಕೂಡ ಇಲ್ಲ.

"ಏನೇ ಇವಳು, ಮನೆ ನೋಡೋಕೆ ಬಂದಳಾ, ಎಮ್ಮೆ ಕಟ್ಟೋಕೆ ಬಂದಳಾ?"

"ಸುಮ್ನಿರಿ ಅತ್ತೆ."

"ಅವಳಿಗೆಲ್ಲಿ ತಿಳೀತದೆ? ಕ್ಯಾಲೆಂಡರು ಸರಿಯಾಗಿದೆಯಾ ನೋಡು. ಗಾಳಿ ಬಂದು ಎತ್ತಿಬಿಟ್ಟರೆ ಕಲೆ ಕಂಡುಹೋಗ್ತದೆ."

"ಕೇಳಿದರೆ ನಾನು ಹೇಳೋಳೇ. ಗೋಡೆ ವಿಷಯಾನೂ ಹೇಳ್ತೀನಿ, ಇವರ ಕಾಲಿನ ವಿಷಯಾನೂ ಹೇಳ್ತೀನಿ."

"ಹೇಳು, ಹೇಳು. ತೇನಿ ಮನೆ ಟೀಚರಮ್ಮ ಬೇರೆಯವರಿಗೆ ಕೊಟ್ಟ ಮೇಲೆ ನಿನ್ನ ಗಂಡನ್ನ ನಿನ್ನ ಸತ್ಯದ ಮೇಲೆ ಮಲಗಿಸು."

ಆಗ ಕುರ್ಚಿಯಿಂದ ಇವರು ಮೆಲ್ಲಗೆ ಅಂದರು: "ನಿಮ್ಮ ಜಗಳ ಆಮೇಲೆ ಇಟ್ಕೊಳ್ರಿ. ಎಲ್ಲಿಟ್ಟಿದ್ದೀರಿ ನನ್ನ ಕೋಲು? ನನಗೆ ಹಿತ್ತಲಿಗೆ ಹೋಗಬೇಕು."

ನೀರು ಇಳಿಸುವ ಮಾತ್ರೆ ನುಂಗುವ ಮನುಷ್ಯ, ಬೆಳಿಗ್ಗೆಯಿಂದ ಎರಡು ಲೋಟ ಮಜ್ಜಿಗೆ ಬೇರೆ. ಹಿತ್ತಲಿಗೆ ಹೋಗಬೇಕಾದರೆ ಕೊಟ್ಟಿಗೆಯ ಬಾಗಿಲ ಮುಂದೆಯೇ ಹಾದು, ತೊಟ್ಟಿ ಇಳಿದು ಹತ್ತಿ, ಇಷ್ಟೂ ಮೆಟ್ಟಿಲು. ಒಂದೊಂದಕ್ಕೂ ನಾನು ಅವರ ಸೊಂಟ ಹಿಡಿಯಬೇಕು.

"ಸ್ವಲ್ಪ ತಡಕೋ ಮಗನೇ. ಅವರು ಹೋಗಿಬಿಡ್ಲಿ" ಎಂದರು ಅತ್ತೆ.

"ಎಷ್ಟು ಹೊತ್ತಮ್ಮಾ? ಅವಳು ಇನ್ನೂ ಕೊಟ್ಟಿಗೆ ಅಳೀತಿದ್ದಾಳೆ."

ನಾನು ಗುಡಾಣದ ಕಡೆ ಒಂದು ಹೆಜ್ಜೆ ಇಟ್ಟೆ, ನಿಂತೆ. ತೇನಿಯ ಆ ಆರು ಹೆಜ್ಜೆಗಳು ಕಣ್ಣಮುಂದೆ ಬಂದವು. ಇನ್ನು ಎಂಟು ದಿನ. ಇವಳೂ ಹೋದರೆ ಮತ್ತೆ ಯಾರು ಬರುತ್ತಾರೆ? ದೀಪದ ಕಡೆ ನೋಡಿದೆ. ಹಗಲಲ್ಲಿ ಅದು ಹಚ್ಚಿರುವುದಿಲ್ಲ.

ಕೊಟ್ಟಿಗೆಯ ಬಾಗಿಲಲ್ಲಿ ಆಕೆ ನಿಂತಿದ್ದಳು. ನಮ್ಮ ಮಾತಿನಲ್ಲೇ ಹೇಳಿದಳು:

"ಮೊದಲು ಅಣ್ಣನ್ನ ಕರಕೊಂಡು ಹೋಗಕ್ಕಾ. ನಾವು ಇಲ್ಲೇ ಇರ್ತೀವಿ, ಓಡಿಹೋಗಲ್ಲ."

ರಾಗ ಸ್ವಲ್ಪ ಬೇರೆ, ಆದರೆ ಕನ್ನಡ. ಅತ್ತೆಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಬ್ರೋಕರ್ ಆಕೆಯ ಮುಖ ನೋಡಿದ, ನಮ್ಮ ಮುಖ ನೋಡಿದ, ಏನಾಯಿತು ಎಂದು ತಿಳಿಯದೆ ಸುಮ್ಮನೆ ನಕ್ಕ.

ನಾಚಿಕೆಗೆ ಹೊತ್ತಿರಲಿಲ್ಲ. ಕೋಲು ತೆಗೆದೆ, ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಕೇಳದೆಯೇ ಆಕೆಯ ಗಂಡ ಬಂದು ಹಿಡಿದರು. ಇಳಿದೆವು, ಹತ್ತಿದೆವು. ಅಡುಗೆಮನೆ ದಾಟುವಾಗ ಇವರು ಆ ಮನುಷ್ಯನಿಗೆ ಹೇಳುತ್ತಿದ್ದರು: "ಮನೆ ಚೆನ್ನಾಗೇ ತೋರಿಸ್ತಾ ಇದೀನಿ ನೋಡಿ. ಇದು ಆರನೇದು." ಆತ ನಕ್ಕುಬಿಟ್ಟರು. ಹೊತ್ತಿಗೆ ಸರಿಯಾಗಿ ತಲುಪಿದೆವು. ಮಾನ ಉಳಿಯಿತು. ಅಂದಿನ ಲೆಕ್ಕದಲ್ಲಿ ದೇವರು ಕೊಟ್ಟದ್ದರಲ್ಲಿ ಇದನ್ನೇ ನಾನು ಮೊದಲು ಇಡುವುದು.

ತಿರುಗಿ ಬಂದಾಗ ಆಕೆ ಉತ್ತರದ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕ್ಯಾಲೆಂಡರು ಎತ್ತಿ ನೋಡುತ್ತಿದ್ದಳು.

"ಇಷ್ಟು ಕೆಳಗೆ ಯಾಕಪ್ಪಾ ಕ್ಯಾಲೆಂಡರು ಅಂತ ಬಂದಾಗಿನಿಂದ ಯೋಚಿಸ್ತಿದ್ದೆ ಅಜ್ಜೀ."

ಅತ್ತೆ ಎಂಬತ್ತು ದಾಟಿದವರು, ಸೋಲುವವರಲ್ಲ. "ನಮ್ಮ ಮಾತು ಬರ್ತದೆ ಅಂತ ಬರ್ತಿದ್ದಂಗೇ ಹೇಳಬಾರದಾ ಮಾರಾಯ್ತಿ? ಕಳ್ಳಿ!"

"ಹೇಳಿದ್ದರೆ ನೀವು ಇಷ್ಟೆಲ್ಲ ಹೇಳ್ತಿದ್ದಿರಾ?"

ನಾನು ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದೆ. ಸ್ಟ್ರೋಕು, ಡಾಕ್ಟರು, ಬಿದ್ದದ್ದು, ಟೀಚರಮ್ಮ, ಮಾಸಿ. ಗೋಡೆ ಎಲ್ಲಿಯವರೆಗೆ ನೆನೆಯುತ್ತದೆ ಎಂದು ಕೈಯಿಟ್ಟು ತೋರಿಸಿದೆ. "ಕಾಲು ಬಿದ್ದ ಮನೆ ಅಂತ ನಿಮಗೆ ಮನಸ್ಸಿಗೆ ಬಾರದಿದ್ದರೆ ಈಗಲೇ ಹೇಳಿಬಿಡಮ್ಮಾ."

ಆಕೆ ಹೇಳಿದ್ದು ಇಷ್ಟು. ಅವರದು ನೇಯುವ ಮನೆತನ, ಮನೆಯೊಳಗೆ ಕನ್ನಡವೇ. ಈಗ ಇರುವುದು ಬಾಡಿಗೆ ಮನೆ, ಒಡೆಯ ಕೆಡವಿ ಅಂಗಡಿ ಕಟ್ಟುತ್ತಾನಂತೆ. ಈ ಕಡೆಯ ಅಂಗಡಿಗಳಿಗೆ ಸೀರೆ ಹಾಕುತ್ತಾರೆ, ಅದಕ್ಕೇ ಇಲ್ಲಿ ಹುಡುಕಿದ್ದು. ಅವರದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಎಲ್ಲ ಕಡೆ ಟೈಲ್ಸು, ಗುಂಡಿ ತೋಡಲು ಮಣ್ಣಿನ ನೆಲವೇ ಸಿಗುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಮೂರು ಮಗ್ಗ ಹಿಡಿಯುತ್ತದೆ. ನೆಲ ಸ್ವಲ್ಪ ತಂಪಿದ್ದರೆ ನೂಲು ಕಡಿಯುವುದಿಲ್ಲ.

"ಕಾಲಿನ ವಿಷಯ ಅಂದರೆ, ನಮ್ಮ ಮಾವನೂ ಹೀಗೇ ಆಗಿ ನಾಲ್ಕು ವರ್ಷ ಇದ್ದರು ಅಕ್ಕಾ. ಅದಕ್ಕೆ ಮಗ್ಗಾನೇ ಕಾರಣ ಅಂದರು ಜನ. ಮಗ್ಗ ಬಿಟ್ಟರೆ ತಿನ್ನೋದೇನು?"

ನಾನು ಕೊಟ್ಟಿಗೆಗೆ ಹೋಗಿ ನಿಂತು ನೋಡಿದೆ. ಮೂವತ್ತು ವರ್ಷ ಸಾರಿಸಿದ ನೆಲ. ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆ ಎಂದು ಅಂದು ಮೊದಲ ಸಲ ಗಮನಿಸಿದೆ.

ಅಷ್ಟಕ್ಕೇ ಎಲ್ಲ ಸಿಹಿಯಾಗಿ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಆಕೆ ಎದ್ದು ಸೆರಗು ಕೊಡವಿಕೊಂಡು ವ್ಯಾಪಾರಕ್ಕೆ ಇಳಿದಳು. "ಗೋಡೆ ನೆನೆಯುತ್ತೆ ಅಂತ ನೀವೇ ಅಂದಿರಿ. ಅದನ್ನ ರಿಪೇರಿ ಮಾಡಿಸಬೇಕಲ್ಲ, ಇಳಿಸಿ." ಅತ್ತೆ ಇಳಿಯಲಿಲ್ಲ, ಆಕೆ ಬಿಡಲಿಲ್ಲ. ಎಲ್ಲ ಕನ್ನಡದಲ್ಲಿ. ನಡುವೆ ಬ್ರೋಕರ್ "ಏನಂತೆ? ಏನಂತೆ?" ಎಂದು ಆ ಕಡೆ ಈ ಕಡೆ ತಿರುಗುತ್ತಿದ್ದ. ಕೊನೆಗೆ ಇವರೇ ಕುರ್ಚಿಯಿಂದ ಒಂದು ಬೆಲೆ ಹೇಳಿದರು, ಎರಡು ಕಡೆಯವರೂ ಒಪ್ಪಿದರು. ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ. ತೇನಿಯ ಮನೆಗೆ ಸಾಲುತ್ತದೆ, ಬಾತ್‌ರೂಮಿನ ಗೋಡೆಗೆ ಹಿಡಿದುಕೊಳ್ಳುವ ಕಂಬಿ ಹಾಕಿಸುವಷ್ಟು ಮಿಗುತ್ತದೆ.

ವೀಳ್ಯದೆಲೆ ತಟ್ಟೆ ದೀಪದ ಮುಂದೆ ಇಟ್ಟು ಮಾತು ಗಟ್ಟಿ ಮಾಡಿಕೊಂಡೆವು. ಶುಕ್ರವಾರ ಅಡ್ವಾನ್ಸು ತರುತ್ತಾರೆ. ಬ್ರೋಕರ್ ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅಂದ: "ನೋಡಿದ್ರಾ ಅಕ್ಕಾ? ಬಾಯಿ ತೆರೀದೇ ಇದ್ದದ್ದಕ್ಕೇ ಆಯ್ತು."

ಅವನಿಗೆ ಬಿಡಿಸಿ ಹೇಳಲು ಹೋಗಲಿಲ್ಲ. ಟೀಚರಮ್ಮನಿಗೆ ಫೋನು ಮಾಡಿದೆ. "ಸರಿ, ಬೀಗದ ಕೈ ನಿಮಗೇ" ಎಂದರು.

ಅತ್ತೆ ಕ್ಯಾಲೆಂಡರು ತೆಗೆದು ಹಳೆಯ ಮೊಳೆಗೆ ಹಾಕುತ್ತಾ, "ಇನ್ನು ಯಾರ ಮುಂದೆ ಗುಟ್ಟು ಮಾತಾಡೋದೇ?" ಎಂದರು. ಇವರು ಪೇಪರಿನ ಹಿಂದೆ ನಗುತ್ತಿದ್ದರು.

ಮೊರದಲ್ಲಿ ಬಿಡಿಸಿದ್ದ ನುಗ್ಗೆಸೊಪ್ಪು ಬಾಡಿತ್ತು. ಪರವಾಗಿಲ್ಲ, ಬೇಳೆಗೆ ಹಾಕಬಹುದು. ಉದ್ದು ನೆನೆಹಾಕಿ ಎಷ್ಟೋ ಹೊತ್ತಾಗಿತ್ತು. ನೀರು ಬಸಿದು, ಗ್ರೈಂಡರು ತೊಳೆದು, ರುಬ್ಬಲು ಹಾಕಿದೆ.