ಹೆಸರಿಗಷ್ಟೇ ಪ್ಲಂಬರ್

ತಾಮಿರನ ಬಳಗದಲ್ಲಿ ಒಬ್ಬರ ಫೋನಿನಲ್ಲೂ ಇನ್ನೊಬ್ಬರ ನಿಜವಾದ ಹೆಸರಿರಲಿಲ್ಲ. ಎಲ್ಲರೂ ಬಡಗಿ, ಟೈಲರ್, ಮೆಕ್ಯಾನಿಕ್. ಗಂಡಸರನ್ನು ಪ್ರೀತಿಸುವ ಗಂಡಸರು ಅಲೆಕ್ಸಾಂಡ್ರಿಯಾದಲ್ಲಿ ಬದುಕಬೇಕೆಂದರೆ ಇಷ್ಟಾದರೂ ಉಪಾಯ ಬೇಡವೇ? ತಾಮಿರ್ ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ನದೀಮ್ ಅವನ ಫೋನಿನಲ್ಲಿ 'ಪ್ಲಂಬರ್ ಸಯ್ಯದ್'. ಅಸಲಿಗೆ ನದೀಮ್ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುವವನು.

ಆ ಸಂಜೆ ಅಡುಗೆಮನೆಯ ಸಿಂಕಿನ ಕೆಳಗೆ ಪೈಪು ಸೋರತೊಡಗಿತು. ರೊಟ್ಟಿ ತರಲು ಹೋಗಿದ್ದ ತಾಮಿರ್ ಫೋನ್ ಮರೆತಿದ್ದ. ಅದು ರಿಂಗಾಯಿತು. ಪರದೆಯ ಮೇಲಿನ ಹೆಸರು ನೋಡಿ ತಾಯಿ ಇನ್ಶಿರಾಹ್‌ಗೆ ಹೋದ ಜೀವ ಬಂದಂತಾಯಿತು.

"ಸಯ್ಯದ್ ಮೇಸ್ತ್ರಿ, ನಿಂಗೆ ನೂರು ವರ್ಷ ಆಯಸ್ಸು ಕಣಪ್ಪ! ತಾಮಿರನ ಮನೆಗೆ ಈಗ್ಲೇ ಬಾ, ಅಡುಗೆಮನೆ ಕೆರೆಯಾಗಿದೆ."

ಆ ಕಡೆ ಇದ್ದವನು ನದೀಮ್. ರಾಂಗ್ ನಂಬರ್ ಎನ್ನಲೂ ದಾರಿಯಿಲ್ಲ. "ಬಂದೆ, ಅಮ್ಮ" ಎಂದುಬಿಟ್ಟ.

ಮನೆಗೆ ಬಂದ ತಾಮಿರ್ ವಿಷಯ ತಿಳಿದು ರೊಟ್ಟಿಯನ್ನು ಅಲ್ಲೇ ಇಟ್ಟ. "ಅವನ್ಯಾಕಮ್ಮ? ಬೇರೆಯವರನ್ನ ಕರೀತೀನಿ."

"ದಿನಾ ಅವನ ಜೊತೆ ಗಂಟೆಗಟ್ಟಲೆ ಮಾತಾಡ್ತೀಯ," ಎಂದ ಅಪ್ಪ ಹಾಜಿ ಫತ್ಹಿ. "ಊರಿನ ಪೈಪೆಲ್ಲ ನಿಂದೇನಾ? ಬರ್ಲಿ, ನಾನೂ ನೋಡ್ತೀನಿ ಆ ಮೇಸ್ತ್ರೀನ."

ಪಕ್ಕದ ಬೀದಿಯವನೊಬ್ಬ ಇಂಥದ್ದೇ ವಿಷಯಕ್ಕೆ ಹೆತ್ತ ಮಗನನ್ನು ಪೊಲೀಸರಿಗೆ ಒಪ್ಪಿಸಿದಾಗ, 'ಗಂಡಸು ಅಂದ್ರೆ ಅವನು' ಎಂದು ಹೊಗಳಿದ ಮನುಷ್ಯ ಈ ಫತ್ಹಿ.

ಯಾರಿಂದಲೋ ಕಡ ತಂದ ಪ್ಲಂಬರ್ ಸಾಮಾನಿನ ಚೀಲ ಹೊತ್ತು ನದೀಮ್ ಬಂದ. ಫತ್ಹಿ ಅಡುಗೆಮನೆಯ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತ. ನದೀಮ್ ಸ್ಪ್ಯಾನರನ್ನು ಉಲ್ಟಾ ತಿರುಗಿಸಿದ. ನೀರು ಮುಖಕ್ಕೇ ಚಿಮ್ಮಿತು.

"ಏನ್ ಮೇಸ್ತ್ರಿ, ನಿನ್ನ ಕೈ ಮದುಮಗಳ ಕೈಗಿಂತ ಮೆತ್ತಗಿದೆಯಲ್ಲ!" ಎಂದ ಫತ್ಹಿ. ಅವನು ನಗುತ್ತಿರಲಿಲ್ಲ.

ಇನ್ಶಿರಾಹ್ ಆ ಕೈಗಳನ್ನು ನೋಡಿದಳು. ಬಿಳಿಚಿಕೊಂಡಿದ್ದ ಮಗನ ಮುಖ ನೋಡಿದಳು. ಗಂಡನ ಕಡೆ ತಿರುಗಿದಳು.

"ಹಾಜಿ, ಕೆಳಗಿನ ಅಂಗಡಿಯಿಂದ ಒಂದು ವಾಷರ್ ತಂದ್ಬಿಡಿ. ಇಲ್ಲಾಂದ್ರೆ ಕೆಳಗಿನ ಮನೆಗೂ ಸೋರತ್ತೆ."

ಗೊಣಗುತ್ತ ಗಂಡ ಮೆಟ್ಟಿಲಿಳಿದದ್ದೇ ತಡ, ಅವಳು ಮಂಡಿಯೂರಿ ಸ್ಪ್ಯಾನರ್ ಕಿತ್ತುಕೊಂಡು ತಾನೇ ಪೈಪು ಬಿಗಿದಳು. ಸೋರುವುದು ನಿಂತಿತು. ಆಮೇಲೆ ಸಿಂಕಿನಡಿಯ ಕಪ್ಪು ಕೊಳೆ ಬಾಚಿ ನದೀಮನ ಅಂಗೈಗೆ, ಉಗುರುಗಳಿಗೆ ಮೆತ್ತಿದಳು.

"ಒರೆಸ್ಕೋಬೇಡ. ಅವ್ರು ಬಂದು ನೋಡ್ಲಿ."

"ಅಮ್ಮಾ..." ಎಂದ ತಾಮಿರ್.

"ಬಾಯ್ಮುಚ್ಚು. ನಂಗೇನೂ ಹೇಳ್ಬೇಡ, ನಂಗೇನೂ ಗೊತ್ತಿಲ್ಲ."

ಮೆಟ್ಟಿಲಲ್ಲಿ ಫತ್ಹಿಯ ಚಪ್ಪಲಿ ಸದ್ದು ಹತ್ತಿರವಾಯಿತು. ಇನ್ಶಿರಾಹ್ ತೋಳಿನಿಂದ ಕಣ್ಣೊರೆಸಿಕೊಂಡು, ಹೊರಗೆ ಕೇಳುವಂತೆ ದನಿಯೆತ್ತಿ ಬೈದಳು: "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತೇನೋ ಮೇಸ್ತ್ರಿ? ಇನ್ನೊಂದ್ಸಲ ಈ ಮನೆ ಮೆಟ್ಟಿಲು ಹತ್ತಬೇಡ!"