ಸುಗಂಧಾ ಸುತ್ತಿದ ಮೋಟರುಗಳು

೧೯೮೯ರ ಚಳಿಗಾಲದಲ್ಲಿ ಭರಮುವಿಗೆ ಹೆಣ್ಣು ಕೊಡುವವರು ರಾಯಬಾಗದ ಕಡೆಯಿಂದ ಜೀಪು ಮಾಡಿಕೊಂಡು ಅಥಣಿಗೆ ಬಂದರು. ಎಂಟು ಜನ. ಭರಮುವಿನ ಅಪ್ಪ ಧೂಳಪ್ಪನ ಮನೆಯ ಮುಂಭಾಗವೇ ಅಂಗಡಿ. ಹೊಲದಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ರಿವೈಂಡಿಂಗ್ ಅಂಗಡಿ. ಆ ದಿನ ಮೋಟರುಗಳನ್ನೆಲ್ಲ ಮೂಲೆಗೆ ಸರಿಸಿ, ಮೇಲೊಂದು ತಾಡಪತ್ರಿ ಎಳೆದು, ಜಮಖಾನೆ ಹಾಸಿದ್ದರು. ಅಂಗಡಿಗೂ ಒಳಮನೆಗೂ ನಡುವೆ ಹಳೆಯ ಸೀರೆಯದೊಂದು ಪರದೆ. ಅದರ ಹಿಂದೆ ಭರಮುವಿನ ತಂಗಿ ಸುಗಂಧಾ ಕಾಲು ಚಾಚಿ ಕೂತು ಐದು ಎಚ್.ಪಿ. ಮೋಟರೊಂದರ ಸಂದುಗಳಿಗೆ ತಂತಿ ಕೂಡಿಸುತ್ತಿದ್ದಳು. ಐನಾಪುರದ ರೈತನಿಗೆ ಸಂಜೆಯೊಳಗೆ ಕೊಡಬೇಕಾಗಿತ್ತು. ಬೀಗರು ಬಂದರೆಂದು ಕಬ್ಬು ಕಾಯುತ್ತದೆಯೇ?

ಹೊರಗೆ ಹುಡುಗನ ಗುಣಗಾನ ನಡೆದಿತ್ತು. ಬಿ.ಎಸ್ಸಿ., ಬಿ.ಎಡ್., ಹೈಸ್ಕೂಲಿನಲ್ಲಿ ಮಾಸ್ತರ. ಹುಡುಗಿಯ ಸೋದರಮಾವ ತಲೆದೂಗಿ, ಹುಡುಗನ ಓದು ನೋಡಿಯೇ ನಾಲ್ಕು ತೊಲೆ ಬಂಗಾರ ಹಾಕಲು ಒಪ್ಪಿದ್ದಾಗಿ ಹೇಳಿದ. ಆಮೇಲೆ ಮಾತಿಗೆ ಮಾತು ಅಂತ ಕೇಳಿದ, "ಮತ್ತ ಮಗಳು ಏನ್ ಮಾಡ್ತಾಳ್ರಿ?"

"ಆಕೀದೇನ್ರಿ," ಅಂದ ಧೂಳಪ್ಪ. "ಮನ್ಯಾಗ ಇರ್ತಾಳ."

ಸುಗಂಧಾಳ ಕೈ ನಿಂತಿತು. ತಂತಿಯ ಸುರುಳಿ ಕಟ್ಟುವ ದಾರದ ಗಂಟನ್ನು ಎಷ್ಟು ಬಿಗಿದಳೆಂದರೆ ದಾರ ಹರಿದು ಬೆರಳಿಗೆ ರಕ್ತ ಬಂತು. ಆ ಜಮಖಾನೆ, ಬೀಗರ ಮುಂದಿಟ್ಟ ಚುರಮುರಿ ಚಹಾ, ಭರಮುವಿನ ಮೈಮೇಲಿನ ಟೆರಿಕಾಟ್ ಅಂಗಿ, ಅವನ ಬಿ.ಎಸ್ಸಿ., ಎಲ್ಲವೂ ಈ ಬೆರಳುಗಳಿಂದ ಬಂದವು. ಮನೆಯಲ್ಲಿ ಇರುತ್ತಾಳಂತೆ! ಎದ್ದು ಹೋಗಿ ಪರದೆ ಕಿತ್ತೆಸೆಯಬೇಕು ಅನ್ನಿಸಿತು. ಅವ್ವ ಅಕ್ಕುತಾಯಿ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡಿಕೊಂಡಳು. ಸುಗಂಧಾ ಇನ್ನೊಂದು ದಾರ ತೆಗೆದುಕೊಂಡಳು.

ಈ ಕೆಲಸಕ್ಕೆ ಅವಳು ಕೂತದ್ದು ೧೯೮೦ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ. ಧೂಳಪ್ಪನಿಗೆ ಸಕ್ಕರೆ ಕಾಯಿಲೆಯಾಗಿ ಕಣ್ಣು ಮಂಜಾದವು. ಕೂದಲಿನಂಥ ತಂತಿಗಳಲ್ಲಿ ಯಾವುದು ಒಳಗೆ ಹೋಯಿತು, ಯಾವುದು ಹೊರಗೆ ಬಂತು ಅನ್ನುವುದು ಅವನಿಗೆ ಕಾಣುತ್ತಿರಲಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದ ಮಗಳನ್ನು ಎರಡು ತಿಂಗಳ ಮಟ್ಟಿಗೆ ಅಂತ ಶಾಲೆ ಬಿಡಿಸಿದ. ಲೆಕ್ಕದಲ್ಲಿ ಅವಳಿಗೆ ಎಂಬತ್ತರ ಮೇಲೆ ಬರುತ್ತಿತ್ತು, ಎರಡು ವರ್ಷ ದೊಡ್ಡವನಾದ ಭರಮು ಅದೇ ಲೆಕ್ಕದಲ್ಲಿ ಏದುಸಿರು ಬಿಡುತ್ತ ಪಾಸಾಗುತ್ತಿದ್ದ. ಶಾಲೆ ಬಿಡಿಸಬೇಡಿ ಅಂತ ಮಾಸ್ತರರು ಮನೆಗೆ ಬಂದು ಹೇಳಿದರು. ಮನೆಗೊಬ್ಬರು ಕಲಿತರೆ ಸಾಕು ಅಂತ ಧೂಳಪ್ಪ ಕೈಮುಗಿದು ಕಳಿಸಿದ. ಎರಡು ತಿಂಗಳು ಎರಡು ವರ್ಷವಾದವು, ಆಮೇಲೆ ಆ ಮಾತನ್ನೇ ಯಾರೂ ಎತ್ತಲಿಲ್ಲ.

ಆದರೆ ಕೆಲಸ ಅವಳ ಕೈಗೆ ಹತ್ತಿತು. ಸುಟ್ಟ ತಂತಿಯನ್ನು ಕಿತ್ತು ಸಂದು ಸ್ವಚ್ಛ ಮಾಡಬೇಕು, ಕಾಗದ ಹಾಸಬೇಕು, ಕೈಯಂತ್ರದ ಮೇಲೆ ಎಣಿಸಿ ಸುತ್ತಬೇಕು, ಒಂದೊಂದೇ ಎಳೆಯನ್ನು ಸಂದಿಗೆ ಇಳಿಸಿ ಮೇಲೆ ಬಿದಿರಿನ ಚಕ್ಕೆ ಹೊಡೆಯಬೇಕು. ಒಂದು ಸುತ್ತು ಹೆಚ್ಚುಕಡಿಮೆಯಾದರೆ ಮೋಟರು ಕಾಯುತ್ತದೆ, ಒಂದು ಎಳೆಯ ಮೈ ಉಜ್ಜಿಹೋದರೆ ವಾರದಲ್ಲಿ ಮತ್ತೆ ಸುಡುತ್ತದೆ. ಮೂರು ವರ್ಷದಲ್ಲಿ ಅಪ್ಪನಿಗೆ ಗೊತ್ತಿದ್ದುದೆಲ್ಲ ಅವಳಿಗೆ ಗೊತ್ತಾಯಿತು, ಐದು ವರ್ಷದಲ್ಲಿ ಅಪ್ಪನಿಗೆ ಗೊತ್ತಿಲ್ಲದ್ದೂ ಗೊತ್ತಾಯಿತು. ಬೇಸಿಗೆಯಲ್ಲಿ ಕರೆಂಟಿನ ವೋಲ್ಟೇಜು ಇಳಿದು ದಿನಕ್ಕೆ ನಾಲ್ಕೈದು ಮೋಟರು ಎತ್ತಿನ ಗಾಡಿಯ ಮೇಲೆ ಬಂದು ಬೀಳುತ್ತಿದ್ದವು. ಧೂಳಪ್ಪ ಮುಂದೆ ಗಾದಿಯ ಮೇಲೆ ಕೂತು ರೈತರನ್ನು ಮಾತಾಡಿಸುತ್ತಿದ್ದ. ಧೂಳಪ್ಪನ ಕೈ ಅಂದರೆ ಕೈ ಅಂತ ಕೃಷ್ಣಾ ನದಿಯ ಎರಡೂ ದಂಡೆಗೆ ಹೆಸರಾಯಿತು. ಆ ಕೈ ಪರದೆಯ ಹಿಂದೆ ವಾರ್ನಿಶ್ ಮೆತ್ತಿಕೊಂಡು ಕೂತಿರುತ್ತಿತ್ತು.

ದುಡ್ಡೆಲ್ಲ ಮಿರಜಿಗೆ ಹೋಗುತ್ತಿತ್ತು, ಭರಮುವಿನ ಕಾಲೇಜಿಗೆ, ಬಾಡಿಗೆಯ ಖೋಲಿಗೆ, ಊಟಕ್ಕೆ. ಒಂದು ವರ್ಷ ಫೇಲಾದ, ಆ ವರ್ಷದ ಖರ್ಚೂ ಹೋಯಿತು. ಬಿ.ಎಡ್. ಸೀಟಿಗೆ ಡೊನೇಶನ್ ಹೋಯಿತು. ಕೊನೆಗೆ ೧೯೮೮ರಲ್ಲಿ ಸರಕಾರದ ಅನುದಾನವಿಲ್ಲದ ಹೈಸ್ಕೂಲೊಂದರಲ್ಲಿ ಅವನಿಗೆ ನೌಕರಿ ಸಿಕ್ಕಿತು. ಸಹಿ ಹಾಕಿಸಿಕೊಳ್ಳುವುದು ಸಾವಿರದಿನ್ನೂರಕ್ಕೆ, ಕೈಯಲ್ಲಿಡುವುದು ನಾನೂರು. ಒಂದು ಮೋಟರು ಸುತ್ತಿದರೆ ಸಾಮಾನಿನ ಖರ್ಚು ಹೋಗಿ ನೂರೈವತ್ತು ಉಳಿಯುತ್ತಿತ್ತು. ಅಣ್ಣನ ತಿಂಗಳ ಪಗಾರ ತನ್ನ ಮೂರು ಮೋಟರಿಗೂ ಸಮನಲ್ಲ ಅನ್ನುವುದು ಸುಗಂಧಾಳಿಗೆ ಬಾಯಿಲೆಕ್ಕ. ಆದರೂ ಸಂಜೆ ಭರಮು ಬಂದಾಗ ಅವ್ವ ಅವನಿಗೆ ಮೊದಲು ನೀರು ಕೊಡುತ್ತಿದ್ದಳು, ಪಾಠ ಹೇಳಿ ದಣಿದು ಬಂದಾನ ಅನ್ನುತ್ತಿದ್ದಳು. ಸುಗಂಧಾ ದಣಿಯುತ್ತಾಳೆ ಅಂತ ಆ ಮನೆಯಲ್ಲಿ ಯಾರೂ ಅಂದದ್ದಿಲ್ಲ.

ಅವಳಿಗೂ ವರಗಳು ಬಂದವು. ನಿಪ್ಪಾಣಿಯ ಕಡೆಯವರು ವಾರ್ನಿಶಿನ ಕಲೆ ಹಿಡಿದ ಅವಳ ಕೈ ನೋಡಿ ಏನು ರೋಗವೆಂದು ಕೇಳಿದರು. ಚಿಕ್ಕೋಡಿಯಿಂದ ಬಂದವನೊಬ್ಬ ಬಿ.ಎ. ಮುಗಿಸಿ ಆರು ವರ್ಷದಿಂದ ನೌಕರಿ ಹುಡುಕುತ್ತಿದ್ದ. ಡಿಗ್ರಿ ಆಗಿದೆ ಅಂತ ಇಪ್ಪತ್ತು ಸಾವಿರ ಕೇಳಿದ, ಲಗ್ನವಾದ ಮೇಲೆ ಹುಡುಗಿ ಈ ಗಂಡಸರ ಕೆಲಸ ಬಿಡಬೇಕು ಅಂದ. ಹಾಗಾದರೆ ಇಬ್ಬರೂ ಏನು ತಿನ್ನುವುದು ಅಂತ ಸುಗಂಧಾ ಕೇಳಿದಳು. ಆ ನೆಂಟಸ್ತಿಕೆ ಅಲ್ಲಿಗೆ ಮುರಿಯಿತು. ಹುಡುಗಿಯ ಬಾಯಿ ಜೋರು ಅನ್ನುವ ಸುದ್ದಿ ಮಾತ್ರ ಊರೂರು ತಿರುಗಿತು.

ಧೂಳಪ್ಪ ೧೯೯೨ರಲ್ಲಿ ತೀರಿಕೊಂಡ. ಮುಂದಿನ ವರ್ಷ ಭರಮುವಿನ ಶಾಲೆಗೆ ಅನುದಾನ ಬರುತ್ತದೆಂಬ ಗಾಳಿ ಬೀಸಿತು. ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ಎಪ್ಪತ್ತು ಸಾವಿರ ಕೊಡಬೇಕು ಅಂತ ಸಂಸ್ಥೆಯವರು ಅಂದರು. ಭರಮು ಮನೆಯಲ್ಲಿ ಏನೂ ಹೇಳಲಿಲ್ಲ. ಒಂದು ಮಧ್ಯಾಹ್ನ ಸಾಂಗಲಿಯ ಪಂಪಿನ ವ್ಯಾಪಾರಿ ಬಾಬಾಸಾಹೇಬನನ್ನು ಕರೆದುಕೊಂಡು ಬಂದು ಅಂಗಡಿ ತೋರಿಸತೊಡಗಿದ. ಜಾಗ, ಸಾಮಾನು, ಧೂಳಪ್ಪನ ಹೆಸರಿನ ಬೋರ್ಡು, ಎಲ್ಲ ಸೇರಿ ಎಷ್ಟು ಅನ್ನುವ ಮಾತು ನಡೆದಿತ್ತು. ಸುಗಂಧಾ ಪರದೆಯ ಹಿಂದೆಯೇ ಇದ್ದಳು.

"ಮೋಟರ ಸುತ್ತೂ ಕಾರಾಗೀರ ಯಾರ?" ಅಂತ ಬಾಬಾಸಾಹೇಬ ಕೇಳಿದ.

"ಕಾರಾಗೀರ ಸಿಗ್ತಾರ್ರಿ," ಅಂದ ಭರಮು. "ಅದೇನ್ ದೊಡ್ಡ ಮಾತಲ್ಲ."

ಪರದೆ ಹಗ್ಗದ ಸಮೇತ ಕೆಳಗೆ ಬಂತು. ಕೈಯಲ್ಲಿ ತಂತಿ ಹಿಡಿದುಕೊಂಡೇ ಸುಗಂಧಾ ಹೊರಗೆ ಬಂದಿದ್ದಳು. ಸಿಟ್ಟಿಗೆ ಅವಳ ಧ್ವನಿ ಏರಲಿಲ್ಲ, ಇಳಿಯಿತು.

"ಹದಿಮೂರ ವರ್ಷದಿಂದ ಈ ಅಂಗಡ್ಯಾಗ ಒಂದೊಂದ ತಂತಿ ನಾ ಸುತ್ತೇನಿ. ಮಾರೂದಿದ್ರ ಮಾರ ಅಣ್ಣಾ. ಕಾರಾಗೀರ ಸಿಗ್ತಾರ ಅಂತ ನನ್ನ ಮುಂದ ನಿಂತ ಹೇಳಬ್ಯಾಡ."

ಬಾಬಾಸಾಹೇಬ ವ್ಯಾಪಾರಿ. ಮೋಟರಿಗೆ ಹಾಕಿದ್ದ ಗಂಟುಗಳನ್ನು ಬಗ್ಗಿ ನೋಡಿದ, ಬಾಯಿ ಚಪ್ಪರಿಸಿದ. ತಾನು ಅಂಗಡಿ ಕೊಂಡ ಮೇಲೂ ಅವಳು ಇಲ್ಲೇ ಇರಬಹುದು, ದಿನಕ್ಕೆ ಇಪ್ಪತ್ತೈದು ಕೊಡುತ್ತೇನೆ ಅಂದ. ತನ್ನದೇ ಅಂಗಡಿಯಲ್ಲಿ ಕೂಲಿಗೆ! ಭರಮು ಆ ಮಾತಿಗೆ ಒಪ್ಪಿ ತಲೆಯಾಡಿಸಿದ್ದನ್ನು ಅವಳು ನೋಡಿದಳು. ಆ ದಿನದಿಂದ ಅಣ್ಣನ ಹತ್ತಿರ ಮಾತು ಬಿಟ್ಟಳು.

ಆದರೆ ಆಸ್ತಿ ಅಪ್ಪನ ಹೆಸರಿನಲ್ಲಿತ್ತು, ಮಗಳ ಸಹಿ ಇಲ್ಲದೆ ಖರೀದಿ ಆಗುವಂತಿರಲಿಲ್ಲ. ಇದು ಗೊತ್ತಾದ ಮೇಲೆ ಸುಗಂಧಾ ಒಂದು ತಿಂಗಳು ಸಹಿ ಹಾಕಲಿಲ್ಲ. ನೆಂಟರು ಬಂದು ಬುದ್ಧಿ ಹೇಳಿದರು, ಅತ್ತಿಗೆ ಅತ್ತಳು, ಅವ್ವ ಎರಡು ದಿನ ಅನ್ನ ಬಿಟ್ಟಳು, ಅಣ್ಣನ ಬಾಳು ಹಾಳು ಮಾಡಬೇಡ ಅಂದಳು. ನನ್ನ ಬಾಳು ಯಾರು ಹಾಳು ಮಾಡಿದ್ದು ಅನ್ನುವ ಮಾತು ಸುಗಂಧಾಳ ನಾಲಿಗೆಯ ತುದಿಗೆ ಬಂದಿತ್ತು. ಕಡೆಗೆ ಹತ್ತು ಸಾವಿರ ರೂಪಾಯಿಗೆ, ಕೈಯಂತ್ರಕ್ಕೆ ಮತ್ತು ತಾನು ಬಳಸುತ್ತಿದ್ದ ಹತಾರಗಳಿಗೆ ಸಹಿ ಹಾಕಿದಳು. ತನ್ನ ಪಾಲು ಅದರ ಮೂರು ಪಟ್ಟು ಆಗುತ್ತಿತ್ತು ಅಂತ ಅವಳಿಗೆ ಗೊತ್ತಿತ್ತು. ಸಬ್‌ರಜಿಸ್ಟ್ರಾರ್ ಕಚೇರಿಯಿಂದ ಹೊರಬಂದು ಬೇವಿನ ಗಿಡದ ಕೆಳಗೆ ನಿಂತಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸುಗಂಧಾ ಅಥಣಿ ಬಿಟ್ಟಳು. ಕಾಗವಾಡದಲ್ಲಿ ಒಬ್ಬರ ಕಿರಾಣಿ ಅಂಗಡಿಗೆ ಹತ್ತಿಕೊಂಡಿದ್ದ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಬೋರ್ಡು ಬರೆಯುವವನು ಯಾರ ಹೆಸರು ಹಾಕಲಿ ಅಂತ ಎರಡು ಸಲ ಕೇಳಿದ. ಎರಡು ಸಲವೂ ತನ್ನ ಹೆಸರೇ ಹೇಳಿದಳು. ಮೊದಲ ತಿಂಗಳು ರೈತರು ಬರುತ್ತಿದ್ದರು, ಮಾಲಕರು ಎಲ್ಲಿ ಅನ್ನುತ್ತಿದ್ದರು, ನಾನೇ ಅಂದರೆ ಸುಮ್ಮನೆ ಮೋಟರು ಎತ್ತಿಕೊಂಡು ಹೋಗುತ್ತಿದ್ದರು. ಒಬ್ಬ ಹಿರಿಯ, ಗಂಡಸರ ಹತ್ತಿರ ಒಮ್ಮೆ ತೋರಿಸಿ ಕೊಡುವುದಾದರೆ ಬಿಟ್ಟು ಹೋಗುತ್ತೇನೆ ಅಂದ. ಅವಳು ಅವನ ಮೋಟರನ್ನು ತಾನೇ ಉರುಳಿಸಿ ಬಾಗಿಲಾಚೆ ಇಟ್ಟಳು. ಹತ್ತು ಸಾವಿರ ಠೇವಣಿಗೂ ತಾಮ್ರದ ತಂತಿಗೂ ಕರಗಿತ್ತು, ಆ ತಿಂಗಳು ಬಾಡಿಗೆಗೆ ಕಿವಿಯ ಬೆಂಡೋಲೆ ಹೋಯಿತು.

ಅವಳ ದಾರಿ ತೆರೆದದ್ದು ಶೇಡಬಾಳದ ದ್ರಾಕ್ಷಿ ಬೆಳೆಗಾರ ವಿರುಪಾಕ್ಷಪ್ಪನಿಂದ. ಅಥಣಿಯಲ್ಲಿ ಬಾಬಾಸಾಹೇಬನ ಆಳುಗಳು ಸುತ್ತಿಕೊಟ್ಟ ಮೋಟರು ಇಪ್ಪತ್ತು ದಿನಕ್ಕೆ ಸುಟ್ಟಿತ್ತು. ಹೂವಿಗೆ ಬಂದ ತೋಟ ನೀರಿಲ್ಲದೆ ನಿಂತಿತ್ತು. ಧೂಳಪ್ಪನ ಮಗಳ ಅಂಗಡಿಯೆಂದು ಕೇಳಿ ಅವನು ಕಾಗವಾಡಕ್ಕೆ ತಂದ ಮೋಟರನ್ನು ಸುಗಂಧಾ ಬಿಚ್ಚಿ ತೋರಿಸಿದಳು. ದಪ್ಪ ತಂತಿಯ ಜಾಗದಲ್ಲಿ ಸಣ್ಣದನ್ನು ಹಾಕಿದ್ದರು. ಅವಳು ಎರಡು ದಿನದಲ್ಲಿ ಸುತ್ತಿ ಕೊಟ್ಟಳು. ವಿರುಪಾಕ್ಷಪ್ಪ ಗಂಟು ನೋಡಿ, "ಇದ ನಿಮ್ಮಪ್ಪನ ಕೈ ನೋಡವ್ವಾ" ಅಂದ.

"ಅಪ್ಪನದಲ್ರಿ. ನೀವ್ ಅಥಣ್ಯಾಗ ಮಾಡಿಸಿದ್ದೆಲ್ಲಾ ನಂದರಿ."

ವಿರುಪಾಕ್ಷಪ್ಪ ಮತ್ತೊಮ್ಮೆ ಗಂಟಿನ ಮೇಲೆ ಬೆರಳಾಡಿಸಿದ. ಹತ್ತು ವರ್ಷ ಆ ಅಂಗಡಿಯಲ್ಲಿ ಚಹಾ ಕುಡಿದಿದ್ದ, ಒಂದು ದಿನವೂ ಪರದೆಯ ಕಡೆ ನೋಡಿರಲಿಲ್ಲ. ಮುಂದಿನ ವಾರ ತನ್ನ ಓಣಿಯ ನಾಲ್ಕು ಮೋಟರುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ.

ಎರಡು ವರ್ಷದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಅವಳಿಗೆ ನಾಲ್ಕೈದು ಸಾವಿರ ಉಳಿಯತೊಡಗಿತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮೋಟರು ನಡೆಸುವವರೇ ಇಲ್ಲ, ಆಗ ಐನೂರಕ್ಕೂ ತತ್ವಾರ. ಅಷ್ಟರಲ್ಲಿ ೧೯೯೬ರಲ್ಲಿ ಭರಮುವಿನ ಶಾಲೆಗೆ ಅನುದಾನ ಬಂದೇ ಬಂತು. ಅವನ ಪಗಾರ ನಾಲ್ಕು ಸಾವಿರ ದಾಟಿತು, ಮಳೆ ಬರಲಿ ಬಿಸಿಲು ಬರಲಿ ತಿಂಗಳ ಮೊದಲ ವಾರಕ್ಕೆ ತಪ್ಪದೆ ಬರುವ ನಾಲ್ಕು ಸಾವಿರ, ಮೇಲೆ ಪಿಂಚಣಿ. ಕಲಿತರೆ ಹೀಗೆ ನೋಡು ಅಂತ ಜನ ಆಡಿಕೊಂಡರು. ವರ್ಷದ ಲೆಕ್ಕಕ್ಕೆ ಅಣ್ಣ ಮುಂದೆ ಹೋದ, ಅದು ಸುಳ್ಳಲ್ಲ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸುಗಂಧಾ ಬಿದಿರಿನ ಚಕ್ಕೆಯನ್ನು ಬೇಕಾದುದಕ್ಕಿಂತ ಜೋರಾಗಿ ಹೊಡೆಯುತ್ತಿದ್ದಳು. ಆ ನಾಲ್ಕು ಸಾವಿರದ ಒಳಗೆ ಎಷ್ಟು ಮೋಟರು ಕೂತಿವೆ ಅಂತ ಅವಳಿಗೊಬ್ಬಳಿಗೇ ಗೊತ್ತು.

ಮುಂದಿನ ವರ್ಷ ಒಂದು ರವಿವಾರ ಭರಮು ಅವ್ವನನ್ನು ಕರೆದುಕೊಂಡು ಬಸ್ಸಿನಲ್ಲಿ ಕಾಗವಾಡಕ್ಕೆ ಬಂದ. ಬಾಕಿ ಪಗಾರ ಒಟ್ಟಿಗೆ ಬಂದಿತ್ತು. ಒಂದು ಪೇಢೆಯ ಡಬ್ಬಿ, ಒಂದು ಇಳಕಲ್ ಸೀರೆ ತಂದಿದ್ದ. ಹಳೆಯದೆಲ್ಲ ಮರೆತುಬಿಡು ಅಂದ. ಮನೆಯಲ್ಲಿ ಒಬ್ಬರಾದರೂ ದಡ ಸೇರಿದರಲ್ಲ ಅಂದ. ನಾಲ್ಕು ವರ್ಷದ ಮೇಲೆ ಸುಗಂಧಾ ಅವನ ಜೊತೆ ಮಾತಾಡಿದಳು.

"ಸೀರಿ ಬ್ಯಾಡ ಅಣ್ಣಾ. ನಿನ್ನ ಕಲಿಸಿದವರ ಯಾರ, ಅದೊಂದ ಹೇಳಿ ಹೋಗ."

"ಅಪ್ಪ ಕಲಿಸಿದಾ," ಅಂದ ಭರಮು, ಕೇಳುವುದೇನಿದೆ ಅನ್ನುವಂತೆ.

ಅಕ್ಕುತಾಯಿ ಹೊಸ್ತಿಲ ಮೇಲೆ ಕೂತಿದ್ದಳು. ಸೆರಗಿನ ತುದಿ ಸುತ್ತುತ್ತ, ಯಾರ ಮುಖವನ್ನೂ ನೋಡದೆ ಮೆಲ್ಲಗೆ ಅಂದಳು, "ಸುಳ್ಳ ಯಾಕ ಹೇಳ್ತಿ ಭರಮು. ಅಪ್ಪಗ ಕಣ್ಣ ಎಲ್ಲಿದ್ದೂವು? ಈಕಿ ದುಡದಾಳ, ನೀ ಕಲತಿ."

ಹದಿನೇಳು ವರ್ಷ ಸುಗಂಧಾ ಕಾದದ್ದು ಈ ಮಾತಿಗೇ. ಕೇಳಿದರೆ ಎದೆಯ ಭಾರ ಇಳಿದೀತು ಅಂದುಕೊಂಡಿದ್ದಳು. ಇಳಿಯಲಿಲ್ಲ, ಸಿಟ್ಟು ಇನ್ನಷ್ಟು ಏರಿತು. ಅವ್ವನಿಗೆ ಎಲ್ಲ ಗೊತ್ತಿತ್ತು. ಶಾಲೆ ಬಿಡಿಸಿದ ದಿನ ಗೊತ್ತಿತ್ತು, ಬೀಗರ ಮುಂದೆ ಗೊತ್ತಿತ್ತು, ಅನ್ನ ಬಿಟ್ಟು ಸಹಿ ಹಾಕಿಸಿದ ಎರಡು ದಿನವೂ ಗೊತ್ತಿತ್ತು. ಆಡಲು ಬಾಯಿ ಇತ್ತು, ಆಡಲಿಲ್ಲ. ಅಣ್ಣ ಕುರುಡ ಅಂದುಕೊಳ್ಳಬಹುದು, ಅವ್ವನಿಗೆ ಏನನ್ನಬೇಕು?

ಭರಮು ಗಡಿಯಾರ ನೋಡಿಕೊಂಡ, ಅಥಣಿಯ ಬಸ್ಸಿಗೆ ಹೊತ್ತಾಯಿತು ಅಂದ. ಸುಗಂಧಾ ಸೀರೆಯನ್ನು ಅವನ ಚೀಲಕ್ಕೆ ವಾಪಸು ತುರುಕಿದಳು. ಅವ್ವ ಎದ್ದು, ಒಂದೆರಡು ದಿನ ಇಲ್ಲಿ ಇರಲೇ ಅಂತ ಕೇಳಿದಳು. ಸುಗಂಧಾ ಚೀಲದ ಬಾಯಿ ಕಟ್ಟಿದಳು.

"ಇವತ್ತ ಬ್ಯಾಡ ಬೇ," ಅಂದಳು. "ಇವತ್ತ ನನ್ನ ಬಾಯಾಗ ಛಲೋ ಮಾತ ಬರೂದಿಲ್ಲ."

ಬಸ್‌ಸ್ಟ್ಯಾಂಡಿನ ತನಕ ಹೋಗಿ ಇಬ್ಬರನ್ನೂ ಬಸ್ಸು ಹತ್ತಿಸಿ, ಅವ್ವನಿಗೆ ಕಿಟಕಿಯ ಹತ್ತಿರ ಜಾಗ ಹಿಡಿದು ಕೊಟ್ಟಳು. ವಾಪಸು ಬಂದಾಗ ಮೋಳೆ ಊರಿನ ರೈತನೊಬ್ಬ ಮೋಟರು ಇಳಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಯಾವಾಗ ಕೊಡುತ್ತೀರಿ ಅಂತ ಕೇಳಿದ. ಬುಧವಾರ ಅಂದಳು. ದುಡ್ಡು ಎಷ್ಟು ಅಂದ. ಹೇಳಿದಳು. ಸ್ವಲ್ಪ ಕಡಿಮೆ ಮಾಡಿ ಅಂದದ್ದಕ್ಕೆ, ಒಂದು ಪೈಸೆಯೂ ಕಡಿಮೆ ಇಲ್ಲ ಅಂತ ಎಷ್ಟು ಗಡುಸಾಗಿ ಅಂದಳೆಂದರೆ ಅವನು ಅಲ್ಲೇ ಮುಂಗಡ ಎಣಿಸಿಕೊಟ್ಟು ಹೋದ.