ಹುಸೇನಪ್ಪ ಉಳಿಸಿಟ್ಟ ಮೂವತ್ತು

ಹುಸೇನಪ್ಪ ಯಾರ ಮನೆಗೆ ಹೋದರೂ ಮೊದಲು ಬ್ಯಾಟರಿಯನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದ, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ. ಕೈಯಲ್ಲಿ ಮೀಟರು ಇರುತ್ತಿತ್ತು. ಗೋಡೆಯ ಮೇಲಿನ ಡಬ್ಬಿಯಲ್ಲಿ ಬಿಸಿ ಎಷ್ಟೆಂದು ಅಂಕಿಯೂ ಕಾಣುತ್ತಿತ್ತು. ಆದರೂ ಮುಟ್ಟದೆ ಅವನಿಗೆ ಸಮಾಧಾನವಿಲ್ಲ. "ಅಂಕಿ ಸುಳ್ಳು ಹೇಳಂಗಿಲ್ಲ, ಖರೆ ಐತ್ರಿ ಅಕ್ಕಾರ. ಆದ್ರ ಕೈಗೂ ಒಂದ್ ಮಾತು ಕೇಳಬೇಕಲ್ರಿ" ಎನ್ನುತ್ತಿದ್ದ.

ಊರು ಗೊರೇಬಾಳ. ಅರ್ಧ ಆಯುಷ್ಯ ಕಾಲುವೆ ದಂಡೆಯ ಪಂಪುಗಳ ಮೋಟರಿಗೆ ತಂತಿ ಸುತ್ತಿದವನು, ಐವತ್ತು ದಾಟಿದ ಮೇಲೆ ಮನೆಗಳಿಗೆ ಸೋಲಾರು, ದೊಡ್ಡ ಬ್ಯಾಟರಿ ಕೂಡಿಸುವುದನ್ನು ಕಲಿತ. ಸಿಂಧನೂರಿನಲ್ಲಿ ನಮ್ಮದೇ ಅವನ ಮೊದಲ ದೊಡ್ಡ ಕೆಲಸ. ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ದಿನಾ ಮಸ್ಕಿ ಮೇಲೆ ಹಾದು ಹೋಗಿ ಬರಲು ಕರೆಂಟಿನ ಕಾರು ತೆಗೆದುಕೊಂಡಿದ್ದೆ. ವಿಜ್ಞಾನ ಓದಿದವಳು ಎಂಬ ಸೊಕ್ಕು ಬೇರೆ ಇತ್ತು. ನನಗೆ ಪಾಠ ಹೇಳುವ ಧೈರ್ಯ ಮಾಡಿದವನು ಹುಸೇನಪ್ಪ ಒಬ್ಬನೇ.

"ಕಾರು ಅಂದ್ರ ಎತ್ತು ಇದ್ದಂಗ್ರಿ. ಐತವಾರ ಬಿಸಲಾಗ ಮೇಯಲಿ, ಉಳದ ದಿನ ಲೈನಿನ ಕರೆಂಟ ಕುಡೀಲಿ. ಮನಿ ಬ್ಯಾಟರಿ ಹಂಗಲ್ಲ. ಅದು ಜೋಳ ತುಂಬಿಟ್ಟ ಹಗೇವು. ತಳದಾಗಿನ ಕಾಳು ಬಿತ್ತಾಕ ಇರ್ತಾವು. ಅದನ್ನೂ ಎತ್ತಿಗೆ ಹಾಕಿದ್ರ ಮುಂದ ಏನ್ ಬಿತ್ತತೀರಿ?"

ಅವನ ಲೆಕ್ಕದಲ್ಲಿ ನೂರಕ್ಕೆ ಮೂವತ್ತು ಪಾಲು ತಳದಲ್ಲಿ ಸದಾ ಇರಬೇಕು. ಲೈನು ಹೋದಾಗ ನೀರಿನ ಮೋಟರಿಗೆ, ದೀಪಕ್ಕೆ, ಫ್ರಿಜ್ಜಿಗೆ ಅದು. ಅದಕ್ಕಿಂತ ಕೆಳಗೆ ಕಾರು ಬಾಯಿ ಹಾಕದಂತೆ ನನ್ನ ಮೊಬೈಲಿನಲ್ಲಿ ಕಟ್ಟು ಹಾಕಿಕೊಟ್ಟಿದ್ದ. ಮೋಡ ಕವಿದರೆ ಲಿಂಗಸುಗೂರಿಗೇ ಫೋನು ಬರುತ್ತಿತ್ತು: "ಇಲ್ಲಿ ಕಪ್ಪಾಗೈತ್ರಿ ಅಕ್ಕಾರ, ಮನ್ಯಾಗ ಗೀಜರ್ ಹಚ್ಚಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳ್ರಿ." ಸ್ಟಾಫ್ ರೂಮಿನವರೆಲ್ಲ ನಗುತ್ತಿದ್ದರು. ನಮ್ಮ ಯಜಮಾನರು ಮಾತ್ರ ತಣ್ಣೀರು ಸ್ನಾನ ಮಾಡಿ ಅವನನ್ನು ಬೈಯುತ್ತಿದ್ದರು.

ಇಂಥವನಿಗೆ ನಾನು ಮಾಡಿದ್ದನ್ನು ಈಗ ಬರೆಯಬೇಕು.

ಬಸುರಿ ಮಗಳ ಕುಬುಸದ ಕಾರ್ಯ ನಮ್ಮ ಮನೆಯಲ್ಲೇ ಇತ್ತು. ಬೀಗರು ಮಸ್ಕಿಯವರು. ಅವರು ಕಟ್ಟಿಸುತ್ತಿದ್ದ ಹೊಸ ಮನೆಗೂ ಹುಸೇನಪ್ಪನೇ ಬ್ಯಾಟರಿ ಕೂಡಿಸಬೇಕೆಂದು ಮಾತಾಗಿತ್ತು. ಆ ಒಂದು ಮನೆ ಕೈಹಿಡಿದರೆ ಮಸ್ಕಿಯಲ್ಲಿ ಹತ್ತು ಮನೆ ಸಿಗುತ್ತವೆಂದು ಅವನು ಅಂಗಡಿಗೆ ಹೊಸ ಬೋರ್ಡನ್ನೇ ಬರೆಸಿದ್ದ. ಬೀಗತಿಯನ್ನು ನಾನೇ ಕಾರಿನಲ್ಲಿ ಕರೆತರುತ್ತೇನೆಂದು ಜಂಬದಿಂದ ಹೇಳಿಬಿಟ್ಟಿದ್ದೆ. ಹಿಂದಿನ ಸಂಜೆ ನೋಡಿದರೆ ಕಾರು ಖಾಲಿ, ಲೈನು ಮಧ್ಯಾಹ್ನದಿಂದ ಇಲ್ಲ, ಮೂರು ದಿನದಿಂದ ಮೋಡ. ಬಾಡಿಗೆ ಕಾರು ಕಳಿಸಿದ್ದರೆ ಮುಗಿಯುತ್ತಿತ್ತು. ಮಾತು ಕೊಟ್ಟಿದ್ದೇನಲ್ಲ, ಸೊಕ್ಕು ಅಡ್ಡ ಬಂತು. ಮೊಬೈಲು ತೆಗೆದು ಹುಸೇನಪ್ಪನ ಮೂವತ್ತನ್ನು ಸೊನ್ನೆ ಮಾಡಿ, ಮನೆ ಬ್ಯಾಟರಿಯಲ್ಲಿದ್ದುದನ್ನು ಕಾರಿಗೆ ಕುಡಿಸಿದೆ. ಒಂದು ದಿನಕ್ಕೆ ಏನಾದೀತು, ಲೈನು ಬಂದರೆ ತುಂಬಿಕೊಳ್ಳುತ್ತದೆ ಅಂದುಕೊಂಡೆ.

ಲೈನು ಬರಲಿಲ್ಲ. ನಸುಕಿಗೇ ಹೊರಟು ಬೀಗತಿಯನ್ನು ಕರೆದುಕೊಂಡು ಬರುವಷ್ಟರಲ್ಲಿ ಮನೆ ತುಂಬ ಜನ, ತೊಟ್ಟಿಯಲ್ಲಿ ಹನಿ ನೀರಿಲ್ಲ, ಮೋಟರು ಸತ್ತು ಬಿದ್ದಿದೆ. ಕೈ ತೊಳೆಯಲೂ ನೀರಿಲ್ಲದೆ ಮುತ್ತೈದೆಯರು ಸೆರಗು ಎತ್ತಿಕಟ್ಟಿ ಪಕ್ಕದ ಮನೆಗೆ ಕೊಡ ಹಿಡಿದು ನಡೆದಿದ್ದರು. ಅದೇ ಹೊತ್ತಿಗೆ ಹುಸೇನಪ್ಪ ಬಂದ. ರಿಪೇರಿಗೆ ಕರೆಸಿದ್ದಲ್ಲ, ಊಟಕ್ಕೆ ಕರೆದದ್ದು. ಬಿಳಿ ಅಂಗಿ ಹಾಕಿಕೊಂಡಿದ್ದ. ಸೀದಾ ಒಳಗೆ ಹೋಗಿ ಡಬ್ಬಿಯ ಗುಂಡಿ ಒತ್ತಿ ಒತ್ತಿ ನೋಡಿದ. ಆಮೇಲೆ ತಿರುಗಿ ನನ್ನ ಮುಖ ನೋಡಿದ.

"ಇವನೇನ್ರಿ ನಮ್ಮ ಮನಿಗೂ ಕೂಡ್ಸಾವ?" ಎಂದರು ಬೀಗತಿ.

ನನ್ನ ಬಾಯಿ ಮೊದಲೇ ಜೋರು. "ಸರಿಯಾಗಿ ಕೂಡ್ಸು ಅಂತ ಎಷ್ಟ್ ಸಲ ಹೇಳೀನಿ ಹುಸೇನಪ್ಪ. ಮಂದಿ ಮುಂದ ಮಾನ ಕಳದಿ" ಎಂದೆ.

ಅವನು ತಲೆ ತಗ್ಗಿಸಿದ. "ತಪ್ಪಾತ್ರಿ. ನಾ ನೋಡ್ಕೋಬೇಕಿತ್ತು."

ಆಮೇಲೆ ಪರಿಚಯದ ಶಾಮಿಯಾನದವರ ಜನರೇಟರನ್ನು ಆಟೋದಲ್ಲಿ ತಂದು ಮೋಟರು ಓಡಿಸಿದ. ನೀರು ಬಂತು, ಕಾರ್ಯ ಸುಸೂತ್ರ ನಡೆಯಿತು. ಅಂಗಿಯೆಲ್ಲ ಎಣ್ಣೆ ಮಸಿಯಾಗಿತ್ತು. ಊಟಕ್ಕೆ ಕೂಗಿದಾಗ ಅವನು ಇರಲಿಲ್ಲ.

ಬೀಗರು ಕೆಲಸವನ್ನು ರಾಯಚೂರಿನ ಯಾರಿಗೋ ಕೊಟ್ಟರು. ಅವರನ್ನು ನೋಡಿ ಕೇಳಿ ಬರಬೇಕಿದ್ದ ಮಂದಿಯೂ ಬರಲಿಲ್ಲ. ಸಿಂಧನೂರಿನಲ್ಲೂ "ಹುಸೇನಪ್ಪ ಕೂಡ್ಸಿದ್ರ ಕುಬುಸಕ್ಕೂ ನೀರಿಲ್ಲ" ಎಂಬ ಮಾತು ಹಬ್ಬಿತು. ಅವನು ಮತ್ತೆ ಮೋಟರಿಗೆ ತಂತಿ ಸುತ್ತುತ್ತ ಕೂತ.

ಆದರೂ ಯುಗಾದಿ ಮುಂದೆ ಪ್ರತಿ ವರ್ಷದಂತೆ ಬ್ಯಾಟರಿ ನೋಡಲು ನಮ್ಮ ಮನೆಗೆ ಬಂದ. ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದಾಗ ನಾನೇ ಬಾಯಿ ಬಿಟ್ಟೆ.

"ಹುಸೇನಪ್ಪ, ಅವತ್ತು ಆ ಮೂವತ್ತನ್ನ ಸೊನ್ನೆ ಮಾಡಿದಾಕಿ ನಾನ."

"ಗೊತ್ತೈತ್ರಿ" ಎಂದ, ಬಸಿಯಿಂದ ತುಟಿ ತೆಗೆಯದೆ. "ಯಾವ ತಾಸಿಗೆ ಏನ್ ಬದಲು ಮಾಡ್ಯಾರ ಅಂತ ಅದರಾಗ ಬರದಿರ್ತೈತಿ."

"ಮತ್ತ ಯಾಕ ಹೇಳಲಿಲ್ಲ?"

"ಹೆಣ್ಣು ಕೊಟ್ಟ ಮನಿ. ಬೀಗರ ಮುಂದ ನಿಮ್ಮ ಮಾರಿ ಸಣ್ಣದು ಮಾಡೂದು ಬ್ಯಾಡ ಅನಿಸ್ತ್ರಿ." ಬಸಿ ಕೆಳಗಿಟ್ಟು ಮೆಲ್ಲಗೆ ಹೇಳಿದ: "ಈಗ ಮೊಮ್ಮಗನೂ ಹುಟ್ಯಾನ. ಒಂದ್ ಸಲ ಮಸ್ಕಿಯವ್ರ ಕಿವಿಗೆ ಹಾಕ್ರಿ ಅಕ್ಕಾರ. ನನ್ನ ಕೆಲಸ ಕೆಟ್ಟಿದ್ದಿಲ್ಲ ಅಂತ, ಅಷ್ಟ."

"ಈ ವಾರನ ಹೇಳ್ತೀನಿ" ಎಂದೆ.

ಬೀಗರ ಮನೆ ಮಸ್ಕಿಯಲ್ಲಿ ರಸ್ತೆಗೇ ಇದೆ. ದಿನಾ ಎರಡು ಸಲ ಅದರ ಮುಂದೆಯೇ ನನ್ನ ಕಾರು ಹಾಯುತ್ತದೆ. ಬೆಳಿಗ್ಗೆ ಶಾಲೆಗೆ ತಡವಾಗುತ್ತದೆ, ಸಂಜೆ ಮನೆಗೆ ತಡವಾಗುತ್ತದೆ. ವೇಗ ಕಡಿಮೆ ಮಾಡುತ್ತಿದ್ದೆ, ಬೀಗತಿ ಕಟ್ಟೆಯ ಮೇಲಿದ್ದರೆ ಕೈ ಬೀಸುತ್ತಿದ್ದೆ, ನಾಳೆ ಎಂದು ಮುಂದೆ ಹೋಗುತ್ತಿದ್ದೆ. ಪರೀಕ್ಷೆಯಲ್ಲಿ ನಕಲು ಮಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನೇ. ನಾಚಿಕೆಯಾಗಬೇಕು ನನಗೆ.

ಮಳೆಗಾಲದಲ್ಲಿ ಹುಸೇನಪ್ಪನಿಗೆ ಡೆಂಗಿ ಬಂತು. ನಾಲ್ಕೇ ದಿನ. ಸುದ್ದಿ ನನಗೆ ಮುಟ್ಟಿದಾಗ ಮಣ್ಣು ಆಗಿಹೋಗಿತ್ತು. ಮೂರನೆಯ ದಿನ ಗೊರೇಬಾಳಕ್ಕೆ ಹೋದೆ. ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತಳು. "ಮಸ್ಕಿಯಿಂದ ಫೋನ್ ಬರ್ತೈತಿ, ಅಕ್ಕಾರ ಹೇಳ್ಯಾರ ಅಂತಿದ್ರು. ದವಾಖಾನ್ಯಾಗೂ ಫೋನ್ ಬಾಜೂಕ ಇಟ್ಕೊಂಡಿದ್ರು" ಎಂದಳು.

ಅಲ್ಲಿಂದ ಸೀದಾ ಮಸ್ಕಿಗೆ ಹೋದೆ. ಬೀಗತಿ ಅಕ್ಕಿ ಹಸನು ಮಾಡುತ್ತ ಕೂತಿದ್ದರು. ಕೂತುಕೊಳ್ಳಿರೆಂದು ಹೇಳುವ ಮೊದಲೇ ನಿಂತುಕೊಂಡೇ ಎಲ್ಲ ಹೇಳಿದೆ: ಬ್ಯಾಟರಿ ಖಾಲಿ ಮಾಡಿದವಳು ನಾನು, ಸುಳ್ಳು ಹೇಳಿದವಳು ನಾನು, ಅವನದು ಏನೂ ತಪ್ಪಿರಲಿಲ್ಲ.

ಬೀಗತಿ ಮೊರ ಕೆಳಗಿಟ್ಟು ನಕ್ಕೇಬಿಟ್ಟರು.

"ಅಯ್ಯ, ಇಷ್ಟಕ್ಕ ಇಷ್ಟ್ ದಿನ ಒಳಗ ಇಟ್ಕೊಂಡಿದ್ರೇನ್ರಿ? ಅವತ್ತ ಅಂದಿದ್ರ ನಕ್ಕು ಬಿಡ್ತಿದ್ವಿ. ನಮ್ಮ ಮನಿ ಕೆಲಸಾನೂ ಅವಗ ಕೊಡ್ತಿದ್ವಿ. ರಾಯಚೂರಿನಾವ ಕೂಡ್ಸಿದ್ದು ಬರೇ ಕೆಡಾಕತ್ತೈತಿ ನೋಡ್ರಿ. ನಾಳೆ ಅವನ್ನ ಕಳಸ್ರಿ, ಬಂದು ನೋಡಿ ಹೋಗ್ಲಿ."

ಹುಸೇನಪ್ಪ ಹೋದನೆಂದು ನಾನಿನ್ನೂ ಅವರಿಗೆ ಹೇಳಿರಲಿಲ್ಲ.